ಬುಧವಾರದ ಖಾನೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ವರ್ಷಗಳಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತಿತ್ತು. ಭಾನುವಾರದಿಂದ ಶನಿವಾರದವರೆಗೆ ಏಳು ಖಾನೆಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಮುಚ್ಚಳ, ಬೆರಳ ತುದಿಯಿಂದ ಎತ್ತಿದರೆ ಟಕ್ಕೆಂದು ತೆರೆದುಕೊಳ್ಳುವಂಥದ್ದು. ಪ್ರತಿ ಶನಿವಾರ ರಾತ್ರಿ ನನ್ನ ಬಿಪಿ ಮಾತ್ರೆ ಮತ್ತು ಶುಗರ್ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಮುಂದಿನ ವಾರಕ್ಕೆ ತುಂಬಿಡುತ್ತಿದ್ದೆ. ವಯಸ್ಸಾದವರ ಮರೆವಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದವನೂ ನಾನೇ. ಕಳೆದ ವರ್ಷದ ಆಷಾಢದಲ್ಲಿ ಒಂದು ಬುಧವಾರ ನಡೆದುದನ್ನು ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬಹಳ ದಿನ ಅದನ್ನು ನೆನೆದರೆ ಕೈ ನಡುಗುತ್ತಿತ್ತು.

ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೊಮ್ಮಗಳನ್ನು ರಾಜಾಜಿನಗರದ ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಅವಳಿಗೆ ಆಗ ಎರಡು ವರ್ಷ ಮೂರು ತಿಂಗಳು. ನಾನು ದೇವರಮನೆಯಲ್ಲಿದ್ದೆ, ನನ್ನ ಹೆಂಡತಿ ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಅಡುಗೆಮನೆಗೆ ಹೋಗಿದ್ದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಹೊರಗೆ ಬಂದಾಗ ಮೊಮ್ಮಗಳು ಕುರ್ಚಿಯ ಮೇಲೆ ಮಂಡಿಯೂರಿ ಕುಳಿತು ಬುಧವಾರದ ಮುಚ್ಚಳವನ್ನು ತೆರೆಯುತ್ತಾ ಮುಚ್ಚುತ್ತಾ ಆಡುತ್ತಿದ್ದಳು. ಬಿಳಿಯ ಬಿಪಿ ಮಾತ್ರೆ ಎಂಜಲಿನಲ್ಲಿ ನೆನೆದು, ಆದರೆ ಇಡಿಯಾಗಿಯೇ, ಮೇಜಿನ ಮೇಲೆ ಬಿದ್ದಿತ್ತು. ತಿಳಿಹಸಿರು ಬಣ್ಣದ ಶುಗರ್ ಮಾತ್ರೆ ಕಾಣಲಿಲ್ಲ. ಏನು ತಿಂದೆ ಎಂದು ಕೇಳಿದರೆ, "ತಾತನ ಪೆಪ್ಪರಮೆಂಟು" ಎಂದು ನಕ್ಕಳು. ಆ ಹೆಸರನ್ನು ಅವಳಿಗೆ ಕಲಿಸಿದವನು ನಾನು. ಕೆಲವು ವಾರಗಳ ಹಿಂದೆ ನಾನು ಮಾತ್ರೆ ನುಂಗುವುದನ್ನು ಕಂಡು ಅವಳು ಕೇಳಿದಾಗ, ಮಾತು ಮುಗಿಯಲಿ ಎಂದು ಹಾಗೆ ಹೇಳಿದ್ದೆ.

ಅನಂತರದ ಇಪ್ಪತ್ತು ನಿಮಿಷಗಳನ್ನು ನಾವು ಕಳೆದುಕೊಂಡೆವು. ಮಾತ್ರೆ ಕೆಳಗೆ ಉರುಳಿರಬಹುದು ಎಂಬ ಆಸೆಯಿಂದ ದಿವಾನದ ಅಡಿಯಲ್ಲಿ ಟಾರ್ಚು ಬಿಟ್ಟು, ಚಾಪೆ ಕೊಡವಿ, ಪೊರಕೆಯಿಂದ ಮೂಲೆಗಳನ್ನೆಲ್ಲ ಗುಡಿಸಿ ಹುಡುಕಿದೆವು. ಮಗು ನಮ್ಮ ಹಿಂದೆಯೇ ಕೇಕೆ ಹಾಕುತ್ತಾ ಓಡಾಡುತ್ತಿತ್ತು. "ನೋಡ್ರೀ, ಎಷ್ಟು ಚೆನ್ನಾಗಿ ಆಡ್ತಿದೆ, ಏನೂ ಆಗಿಲ್ಲ ಬಿಡಿ" ಎಂದು ನನ್ನ ಹೆಂಡತಿ ಎರಡು ಸಲ ಹೇಳಿದಳು. ನನಗೂ ಅದನ್ನೇ ನಂಬಬೇಕೆನಿಸಿತು. ಪಕ್ಕದ ಮನೆಯವರು ಬಂದು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿಬಿಡಿ ಎಂದರು. ಪ್ರೀತಿಯಿಂದಲೇ ಹೇಳಿದರು; ನಮ್ಮ ತಾಯಂದಿರ ಕಾಲದಿಂದ ನಾವೆಲ್ಲ ಕೇಳಿಕೊಂಡು ಬಂದ ಮಾತು ಅದು. ಲೋಟಕ್ಕೆ ಉಪ್ಪು ಬೀಳುವ ಮೊದಲು, ಫೋನಿನಲ್ಲಿ ಸಿಕ್ಕ ಮಗುವಿನ ವೈದ್ಯರು ಅದನ್ನು ತಡೆದರು. ಮಾತ್ರೆ ಸಿಗಲಿಲ್ಲವೆಂದರೆ ತಿಂದಿದೆ ಎಂದೇ ತಿಳಿಯಿರಿ, ಎಚ್ಚರವಾಗಿದ್ದಾಳಾದ್ದರಿಂದ ದಾರಿಯಲ್ಲಿ ಸ್ವಲ್ಪ ಸಿಹಿ ಕುಡಿಸಬಹುದು, ಆದರೆ ಅದರಿಂದ ಮುಗಿಯಿತು ಎಂದುಕೊಳ್ಳಬೇಡಿ, ಈಗಲೇ ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ ಎಂದು ಅವರು ಹೇಳಿದರು.

ಆಸ್ಪತ್ರೆಯ ಬಾಗಿಲಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆ ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. ಮಾತ್ರೆಯ ಹೆಸರೇನು, ಎಷ್ಟು ಮಿಲಿಗ್ರಾಂ? ನಾನು ಜವಾಬ್ದಾರಿಯಿಂದ ಎತ್ತಿಕೊಂಡು ಹೋಗಿದ್ದು ಬಣ್ಣದ ಡಬ್ಬಿಯನ್ನು. ಅದರ ಮೇಲೆ ವಾರದ ಹೆಸರುಗಳಿದ್ದವೇ ಹೊರತು ಔಷಧಿಯ ಹೆಸರಿರಲಿಲ್ಲ. ಸ್ಟ್ರಿಪ್ ಮನೆಯ ಡ್ರಾಯರಿನಲ್ಲಿತ್ತು. ಹೆಂಡತಿಗೆ ಫೋನ್ ಮಾಡಿ, ಅವಳು ಚಿತ್ರ ತೆಗೆದು ಕಳಿಸುವವರೆಗೆ ನಾಲ್ಕೈದು ನಿಮಿಷ ಹೋಯಿತು. ಆ ಹೆಸರು ಏಕೆ ಅಷ್ಟು ಮುಖ್ಯ ಎಂಬುದು ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮಾತ್ರೆಗಳೆಲ್ಲ ಒಂದೇ ಜಾತಿಯವಲ್ಲ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಒಂದು ಮಾತ್ರೆಯಿಂದ ಮಗುವಿನ ರಕ್ತದ ಸಕ್ಕರೆ ಹಾಗೆ ಕುಸಿಯುವ ಸಂಭವ ಕಡಿಮೆ. ನನ್ನದು ಗ್ಲಿಮೆಪಿರೈಡ್. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ ಮುಂತಾದ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಬಿಡುಗಡೆ ಮಾಡಿಸುತ್ತವೆ. ದೊಡ್ಡವರಿಗೆ ಅದೇ ಚಿಕಿತ್ಸೆ, ಸಕ್ಕರೆ ಕಾಯಿಲೆಯಿಲ್ಲದ ಹನ್ನೊಂದು ಕಿಲೋ ತೂಕದ ಮಗುವಿಗೆ ಒಂದೇ ಮಾತ್ರೆಯೂ ಪ್ರಾಣಾಪಾಯ. ಮಾತ್ರೆ ಕೆಲಸ ಮಾಡುವುದು ಗಂಟೆಗಟ್ಟಲೆಯಾದ್ದರಿಂದ, ಒಮ್ಮೆ ಸಿಹಿ ಕುಡಿಸಿದರೆ ಸಕ್ಕರೆ ಏರಿ ಮತ್ತೆ ಇಳಿಯುತ್ತದೆ. ಮಗು ರಾತ್ರಿ ಊಟವಿಲ್ಲದೆ ಮಲಗಿದ್ದಾಗ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಇಂಥ ಮಕ್ಕಳನ್ನು ಒಂದು ಹಗಲು ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಗಂಟೆ ಗಂಟೆಗೂ ಸಕ್ಕರೆ ಪರೀಕ್ಷಿಸುತ್ತಾರೆ.

ಮೊದಲ ಪರೀಕ್ಷೆಯಲ್ಲಿ 94 ಬಂತು. ಎರಡನೆಯದರಲ್ಲಿ 88. ನನ್ನ ಹೆಂಡತಿಯ ಮಾತೇ ನಿಜವಾಯಿತು ಎಂದು ನಾನು ಮನಸ್ಸಿನಲ್ಲಿ ಹರಕೆಯ ತೆಂಗಿನಕಾಯಿಯನ್ನೂ ಎಣಿಸಿಕೊಂಡೆ. ನಾಲ್ಕನೆಯ ಗಂಟೆಯಲ್ಲಿ ಮಗು ಮಂಚದ ಕಂಬಿಗಳ ಸಂದಿಯಿಂದ ಕೈಯಿಟ್ಟು ಪಕ್ಕದ ಹಾಸಿಗೆಯ ಹುಡುಗನ ಬಸ್ಸಿನ ಆಟಿಕೆ ಎಳೆಯುತ್ತಿದ್ದಾಗಲೇ ದಾದಿ ಬೆರಳು ಚುಚ್ಚಿ ನೋಡಿದರು: 52. ಹಣೆಯ ಮೇಲೆ ಕೂದಲ ಬುಡದಲ್ಲಿ ಸಣ್ಣಗೆ ಬೆವರು ಮೂಡಿತ್ತು. ನಾನು ಅದನ್ನು ಸೆಖೆ ಎಂದುಕೊಂಡಿದ್ದೆ. ಕೂಡಲೇ ಗ್ಲೂಕೋಸ್ ಡ್ರಿಪ್ ಹಾಕಿದರು. ರಾತ್ರಿ ಮತ್ತೊಮ್ಮೆ ಇಳಿಯಿತು, ಮತ್ತೆ ಏರಿಸಿದರು. ಮರುದಿನ ಮಧ್ಯಾಹ್ನ ಡ್ರಿಪ್ ಇಲ್ಲದೆಯೇ ಸಕ್ಕರೆ ನಿಂತ ಮೇಲೆ ಮನೆಗೆ ಕಳಿಸಿದರು. ಮನೆಯಲ್ಲೇ ಇಟ್ಟುಕೊಂಡಿದ್ದರೆ, ಮಧ್ಯಾಹ್ನ ಮಗು ಮಂಕಾದಾಗ ನಿದ್ದೆ ಬಂದಿದೆ ಎಂದು ನಾವೇ ಜೋಗುಳ ಹಾಡಿ ಮಲಗಿಸುತ್ತಿದ್ದೆವು.

ಮಗು ಆಡುತ್ತಿದೆ, ನಗುತ್ತಿದೆ ಎಂಬುದು ವಿಷ ಒಳಗೆ ಹೋಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅಂದಿನಿಂದ ವೈದ್ಯರನ್ನು ಕೇಳಿಯೂ ಓದಿಯೂ ತಿಳಿದುಕೊಂಡ ಮೇಲೆ, ಮನೆಯಲ್ಲಿರುವ ಅತ್ಯಂತ ಅಪಾಯದ ವಸ್ತುಗಳಲ್ಲಿ ಹಲವು ಹೀಗೆಯೇ ಮೊದಲ ಕೆಲವು ಗಂಟೆ ಸುಮ್ಮನಿರುತ್ತವೆ ಎಂಬುದು ನನ್ನನ್ನು ಹೆಚ್ಚು ಹೆದರಿಸಿತು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅತಿಯಾದರೆ ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣದೆ ಹೋಗಬಹುದು. ಲಿವರ್ ಕೆಡುವ ಲಕ್ಷಣ ಕಾಣುವುದು ಎರಡನೆಯ, ಮೂರನೆಯ ದಿನ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತ್ಯೌಷಧವಿದೆ, ಆದರೆ ಅದು ಅತ್ಯುತ್ತಮವಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟಾಗ. ಎಲ್ಲವೂ ಚೆನ್ನಾಗಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳುವ ಹೊತ್ತಿನಲ್ಲಿಯೇ ಔಷಧ ಅತ್ಯುತ್ತಮವಾಗಿ ಕೆಲಸ ಮಾಡುವ ಹೊತ್ತು ಮುಗಿಯುತ್ತದೆ.

ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯೂ ಇದೇ ರೀತಿಯದು. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ, ಮೇಲೆ ಸಕ್ಕರೆಯ ಲೇಪವಿರುತ್ತದೆ. ಹತ್ತು ಕಿಲೋ ತೂಕದ ಮಗು ಹತ್ತು ಮಾತ್ರೆ ತಿಂದರೆ ಕಿಲೋಗೆ 60 ಮಿಲಿಗ್ರಾಂ ಆಗುತ್ತದೆ, ಅದು ಜೀವಕ್ಕೆ ಎರವಾಗಬಲ್ಲ ಪ್ರಮಾಣ. ಮೊದಲು ವಾಂತಿ, ಭೇದಿ. ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದಂತೆ ಕಾಣುತ್ತದೆ. ಆ ಸುಧಾರಣೆಯನ್ನು ನಂಬಿ ಮನೆಗೆ ಕರೆತಂದವರು ಮರುದಿನ ಮತ್ತೆ ಓಡಬೇಕಾಗುತ್ತದೆ. ಎರಡನೆಯ ಬಸಿರಿನ ತಾಯಿ, ಜೊತೆಗೆ ಎರಡು ವರ್ಷದ ಮೊದಲ ಮಗು ಇರುವ ಮನೆಗಳಲ್ಲಿ ಆ ಪೊಟ್ಟಣ ಎಲ್ಲಿದೆ ಎಂದು ದಯವಿಟ್ಟು ಇವತ್ತೇ ನೋಡಿ.

ಎಲ್ಲಕ್ಕಿಂತ ಕ್ರೂರವಾದುದು ಇಲಿ ಪಾಷಾಣ. ಟ್ಯೂಬಿನಲ್ಲಿ ಬರುವ ಪೇಸ್ಟುಗಳಲ್ಲಿ ಹಳದಿ ರಂಜಕವಿರುವುದುಂಟು. ಟೊಮೆಟೊ ಹೋಳಿಗೋ ಬಿಸ್ಕತ್ತಿಗೋ ಅದನ್ನು ಸವರಿ ರಾತ್ರಿ ಅಡುಗೆಮನೆಯ ಮೂಲೆಯಲ್ಲಿಟ್ಟು, ಬೆಳಿಗ್ಗೆ ತೆಗೆಯಲು ಮರೆತರೆ, ಅಂಬೆಗಾಲಿಡುವ ಮಗುವಿಗೆ ಅದು ನೆಲದ ಮೇಲೆ ಸಿಕ್ಕ ತಿಂಡಿ. ಹೊಟ್ಟೆನೋವು, ವಾಂತಿ ಬಂದು ಹೋಗಿ, ಒಂದೆರಡು ದಿನ ಎಲ್ಲ ಸರಿಹೋಯಿತು ಎನ್ನಿಸಿ, ಆಮೇಲೆ ಕಣ್ಣು ಹಳದಿಯಾಗುವಾಗ ಲಿವರ್ ಸೋತಿರುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬೇರೆ ಬಗೆಯ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು, ಅವಕ್ಕೆ ವಿಟಮಿನ್ ಕೆ ಚಿಕಿತ್ಸೆಯಿದೆ. ಎರಡಕ್ಕೂ ನಾವು ಹೇಳುವುದು ಇಲಿ ಔಷಧಿ ಎಂದೇ, ಹಾಗಾಗಿ ಪೊಟ್ಟಣವನ್ನು ಕಸದ ಬುಟ್ಟಿಯಿಂದ ಆರಿಸಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಮನೆಯಲ್ಲಿ ಈಗ ಬೋನು ಮಾತ್ರ ಇದೆ. ರಾಗಿ, ಅಕ್ಕಿ ಮೂಟೆಗೆ ಹುಳು ಬೀಳದಿರಲೆಂದು ಊರಿನಿಂದ ತಂದಿಟ್ಟುಕೊಳ್ಳುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಂತೂ ಮನೆಯೊಳಗೆ ಇರಲೇಬಾರದು. ತೇವ ತಾಗಿದರೆ ಅದರಿಂದ ಹೊರಡುವ ಅನಿಲವೇ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲಬಲ್ಲದು, ಅದಕ್ಕೂ ಪ್ರತಿವಿಷವಿಲ್ಲ.

ಎಲ್ಲ ವಿಷವೂ ಹೀಗೆ ಕಾಯುವುದಿಲ್ಲ. ಕರ್ಪೂರ ಕಾಯುವುದೇ ಇಲ್ಲ. ಆರತಿಯ ಬಿಲ್ಲೆ ಕಲ್ಲುಸಕ್ಕರೆಯಂತೆಯೇ ಬೆಳ್ಳಗಿರುತ್ತದೆ, ಮಗುವಿನ ಎತ್ತರಕ್ಕೇ ದೇವರ ಪೀಠದ ಬಳಿ ಇರುತ್ತದೆ, ಪ್ರಸಾದದ ಪಕ್ಕದಲ್ಲೇ ಇರುತ್ತದೆ. ಒಂದು ಗ್ರಾಂನಷ್ಟು ಕರ್ಪೂರವೂ ಎಳೆಯ ಮಕ್ಕಳ ಪ್ರಾಣ ತೆಗೆಯಬಲ್ಲದು; ತಿಂದ ಹತ್ತು ಹದಿನೈದು ನಿಮಿಷದಲ್ಲಿಯೇ ಫಿಟ್ಸ್ ಬರಬಹುದು. ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆಯೂ ಕೆಲವೇ ಮಿಲಿಲೀಟರ್ ಒಳಗೆ ಹೋದರೆ ಮಗುವಿಗೆ ಮಂಪರು, ಫಿಟ್ಸ್ ತರುತ್ತದೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ಈ ಎರಡು ವಸ್ತುಗಳ ಬಗ್ಗೆ ನನಗೆ ಇದು ತಿಳಿದದ್ದು ಅರವತ್ತೇಳನೆಯ ವಯಸ್ಸಿನಲ್ಲಿ.

ಇನ್ನು ಉಪ್ಪು ನೀರಿನ ಮಾತು. ವಾಂತಿ ಮಾಡಿಸಬಾರದು ಎಂದು ವೈದ್ಯರು ಏಕೆ ಅಷ್ಟು ಗಟ್ಟಿಯಾಗಿ ಹೇಳುತ್ತಾರೆಂಬುದನ್ನು ಪಕ್ಕದ ಮನೆಯವರಿಗೆ ನಾನೇ ಕುಳಿತು ವಿವರಿಸಿದೆ, ಏಕೆಂದರೆ ಕಾರಣ ತಿಳಿಯದೆ ಹಳೆಯ ನಂಬಿಕೆ ಹೋಗುವುದಿಲ್ಲ. ಸೀಮೆಎಣ್ಣೆ, ಪೇಂಟಿನ ಥಿನ್ನರ್, ಟರ್ಪೆಂಟೈನ್ ಇವೆಲ್ಲ ಹೊಟ್ಟೆಯಲ್ಲಿ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಶ್ವಾಸಕೋಶದಲ್ಲಿ ಮಾಡುತ್ತವೆ. ನೀರಿನಂತೆ ತೆಳ್ಳಗಿರುವುದರಿಂದ ವಾಂತಿಯಾಗುವಾಗ ಒಂದಿಷ್ಟು ಉಸಿರಿನ ದಾರಿಗೆ ಜಾರಿದರೂ ನ್ಯುಮೋನಿಯಾ ಆಗುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿಯ ಬಾಟಲಿಗಳಲ್ಲಿಯೂ ಹೆಚ್ಚಾಗಿ ಇರುವುದು ವಾಸನೆ ತೆಗೆದ ಸೀಮೆಎಣ್ಣೆಯೇ. ಟಾಯ್ಲೆಟ್ ಆಸಿಡ್ ಅಥವಾ ಪೈಪು ಶುಚಿಮಾಡುವ ಪುಡಿ ಕೆಳಗೆ ಹೋಗುವಾಗ ಅನ್ನನಾಳವನ್ನು ಸುಟ್ಟಿರುತ್ತದೆ, ವಾಂತಿಯೊಡನೆ ಮೇಲೆ ಬರುವಾಗ ಅದೇ ಗಾಯವನ್ನು ಮತ್ತೊಮ್ಮೆ ಸುಡುತ್ತದೆ. ಮಂಪರಿನಲ್ಲಿರುವ ಮಗು ವಾಂತಿಯಲ್ಲೇ ಉಸಿರುಗಟ್ಟಬಹುದು. ಉಪ್ಪು ಸ್ವತಃ ಅಪಾಯ: ಅತಿಯಾದ ಉಪ್ಪು ನೀರಿನಿಂದ ರಕ್ತದ ಸೋಡಿಯಂ ಏರಿ ಮಕ್ಕಳು ಸತ್ತದ್ದುಂಟು. ಆಸಿಡ್ ಕುಡಿದಿದ್ದರೆ ಅಡುಗೆ ಸೋಡಾ, ಪೈಪು ಶುಚಿಮಾಡುವ ಪುಡಿಯಂಥ ಕ್ಷಾರ ಒಳಗೆ ಹೋಗಿದ್ದರೆ ನಿಂಬೆರಸ ಎಂಬ ಶಾಲೆಯ ವಿಜ್ಞಾನವೂ ಇಲ್ಲಿ ನಡೆಯುವುದಿಲ್ಲ, ಅವೆರಡೂ ಸೇರಿದಾಗ ಹುಟ್ಟುವ ಶಾಖ ಇನ್ನಷ್ಟು ಸುಡುತ್ತದೆ. ಹಾಲು ಎಲ್ಲಕ್ಕೂ ಮದ್ದು ಎಂಬುದೂ ತಪ್ಪು. ನುಸಿ ಗುಳಿಗೆಯ ನಾಫ್ತಲೀನ್ ಕೊಬ್ಬಿನಲ್ಲಿ ಕರಗುವುದರಿಂದ ಹಾಲು ಕುಡಿಸಿದರೆ ದೇಹ ಅದನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದದ್ದು ಬಹಳ ಕಡಿಮೆ, ಮತ್ತು ಅದನ್ನು ಬೇಗ ಮಾಡಬೇಕು. ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು, ಬಾಯಿ ಒರೆಸಿ ಅಥವಾ ತೊಳೆದು, ಗಡಿಯಾರ ನೋಡಿಕೊಂಡು, ಬಾಟಲಿಯನ್ನೋ ಸ್ಟ್ರಿಪ್ಪನ್ನೋ ಕೈಯಲ್ಲಿ ಹಿಡಿದು ಹೊರಡುವುದು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ, ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ, ಹರಿಯುವ ನೀರಿನಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ಮಗು ಎಷ್ಟೇ ಚೀರಿದರೂ ಅಷ್ಟು ಹೊತ್ತು ತೊಳೆಯಬೇಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ 108ಕ್ಕೋ 112ಕ್ಕೋ ಕರೆ ಮಾಡಬೇಕು. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಹಗಲು ರಾತ್ರಿ ತೆರೆದಿರುವ ಅದರ ಉಚಿತ ದೂರವಾಣಿ 1800 116 117. ಏನು, ಎಷ್ಟು, ಯಾವಾಗ, ಮಗುವಿನ ವಯಸ್ಸೆಷ್ಟು, ತೂಕವೆಷ್ಟು ಎಂಬ ಉತ್ತರ ಸಿದ್ಧವಿಟ್ಟುಕೊಂಡು ಕರೆ ಮಾಡಿದರೆ ಸಲಹೆ ಬೇಗ ಸಿಗುತ್ತದೆ. ನುಂಗಿದ್ದು ಗುಂಡಿಯಾಕಾರದ ಬ್ಯಾಟರಿ ಎಂಬ ಅನುಮಾನವಿದ್ದರೂ ಕಾಯಬೇಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲಿಯೇ ಸುಟ್ಟು ಗಾಯ ಮಾಡುತ್ತದೆ, ಆ ಮಗುವೂ ಆಡುತ್ತಲೇ ಇರಬಹುದು.

ಆಸ್ಪತ್ರೆಯಲ್ಲಿ ಪೊಲೀಸರಿಗೆ ತಿಳಿಸುತ್ತೇವೆ ಎಂದಾಗ ನನ್ನ ಮಗಳು ಗಾಬರಿಯಾದಳು. ವಿಷಪ್ರಾಶನದ ಪ್ರಕರಣಗಳನ್ನು ಮೆಡಿಕೋ ಲೀಗಲ್ ಎಂದು ದಾಖಲಿಸುವುದು ವಾಡಿಕೆ. ಸಂಜೆ ಒಬ್ಬ ಪೇದೆ ಬಂದು ನನ್ನ ಹೇಳಿಕೆ ಬರೆದುಕೊಂಡು ಹೋದರು, ಅಷ್ಟೇ. ಈ ಭಯದಿಂದ ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪು ದಾರಿ ಹಿಡಿಯುತ್ತದೆ. ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸುವ ಚಿಕಿತ್ಸೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿದೆ.

ಮನೆಗೆ ಬಂದ ವಾರ ನಾನು ಹೆಂಡತಿಯೊಡನೆ ಮನೆಯನ್ನೆಲ್ಲ ಮಂಡಿಯೂರಿ ನೋಡಿದೆ, ಮಗುವಿನ ಕಣ್ಣಿನ ಎತ್ತರದಿಂದ. ನನ್ನ ಡಬ್ಬಿ ಮಾಡಿದ ತಪ್ಪನ್ನೇ ಮನೆಯ ಬೇರೆ ಬೇರೆ ಮೂಲೆಗಳಲ್ಲಿ ಕಂಡೆ: ವಸ್ತು ತನ್ನ ಪೊಟ್ಟಣ ಬಿಟ್ಟು ಬೇರೆಯದಕ್ಕೆ ಹೋಗಿತ್ತು, ಹೋದೊಡನೆ ಹೆಸರು ಕಳೆದುಕೊಂಡಿತ್ತು. ಬೀದಿಯಲ್ಲಿ "ಫಿನಾಯಿಲ್, ಆಸಿಡ್" ಎಂದು ಕೂಗಿಕೊಂಡು ಬರುವವರಿಂದ ಕೊಂಡದ್ದು ಬಚ್ಚಲುಮನೆಯ ನೆಲದ ಮೇಲೆ ಹಳೆಯ ತಂಪು ಪಾನೀಯದ ಬಾಟಲಿಯಲ್ಲಿತ್ತು; ಹಾಲಿನಂತೆ ಕಾಣುವ ಫಿನಾಯಿಲ್, ನಿಂಬೆ ಪಾನಕದಂತೆ ಕಾಣುವ ಆಸಿಡ್. ಬಣ್ಣ ಬಳಿದವರು ಉಳಿಸಿ ಹೋದ ಥಿನ್ನರ್ ಸಜ್ಜೆಯ ಮೇಲೆ ಕುಡಿಯುವ ನೀರಿನ ಬಾಟಲಿಯಲ್ಲಿತ್ತು. ನೀರಿನ ಸಂಪಿನೊಳಗೆ ಹಾಕುವ ಬ್ಲೀಚಿಂಗ್ ಪುಡಿ ಹಾರ್ಲಿಕ್ಸ್ ಬಾಟಲಿಯಲ್ಲಿ, ಅದೂ ಆಸಿಡ್ಡಿನ ಪಕ್ಕದಲ್ಲಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಟು ಬಚ್ಚಲು ತೊಳೆಯುವವರ ಉಸಿರೇ ಕಟ್ಟುತ್ತದೆ. ಈಗ ಅಂಥ ಬಾಟಲಿಯಲ್ಲಿ ಬರುವುದೇನನ್ನೂ ನಾವು ಕೊಳ್ಳುವುದಿಲ್ಲ. ನನ್ನ ಮಾತ್ರೆಗಳು ಸ್ಟ್ರಿಪ್ಪಿನಲ್ಲಿಯೇ ಬೀರುವಿನೊಳಗೆ ಬೀಗದಲ್ಲಿವೆ. ಮರೆವಿಗೆ ಫೋನಿನ ಅಲಾರಂ ಇದೆ. ಮನೆಗೆ ಬರುವ ಅತಿಥಿಗಳ ವ್ಯಾನಿಟಿ ಬ್ಯಾಗನ್ನೂ ನನ್ನ ಹೆಂಡತಿ ಕೇಳಿ ತೆಗೆದುಕೊಂಡು ಎತ್ತರದ ಗೂಟಕ್ಕೆ ಹಾಕುತ್ತಾಳೆ, ಏಕೆಂದರೆ ನಮ್ಮ ವಯಸ್ಸಿನ ಹೆಂಗಸರ ಬ್ಯಾಗಿನಲ್ಲಿ ಮಾತ್ರೆ ಇಲ್ಲದಿರುವುದು ಅಪರೂಪ. ಮೊದಮೊದಲು ಕೆಲವರಿಗೆ ಬೇಸರವಾಯಿತು, ಕಾರಣ ಹೇಳಿದ ಮೇಲೆ ಯಾರೂ ಬೇಸರಿಸಲಿಲ್ಲ.

ಗ್ಯಾಸ್ ಗೀಸರಿನ ವಿಷಯವನ್ನು ಬಿಟ್ಟರೆ ಬೆಂಗಳೂರಿನವನಾಗಿ ತಪ್ಪು ಮಾಡಿದಂತೆ. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದನ್ನು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ತಲೆಸುತ್ತು ಬಂದು ಕುಸಿಯುವವರೆಗೆ ತಿಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ನೋಡಿದರೆ 98 ಎಂದೇ ತೋರಿಸಬಹುದು, ಏಕೆಂದರೆ ಆ ಉಪಕರಣಕ್ಕೆ ಈ ಅನಿಲ ಹಿಡಿದ ರಕ್ತಕ್ಕೂ ಆಮ್ಲಜನಕ ಹಿಡಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಮೇಲಿನ ಮನೆಯ ಬಾಡಿಗೆದಾರರ ಗೀಸರನ್ನು ಹೊರಗಿನ ಯುಟಿಲಿಟಿಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಡಿಸಿದೆ.

ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದೇವೆ. ವಿಷ ಮಾಹಿತಿ ಕೇಂದ್ರದ ಸಂಖ್ಯೆ, 108, ಹತ್ತಿರದ ಮಕ್ಕಳ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಟ್ರಾಫಿಕ್ ಇರುವಾಗ ಹೋಗುವ ದಾರಿ, ಮನೆಯಲ್ಲಿರುವ ಎಲ್ಲರ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ. ಕೆಳಗೆ ಮೊಮ್ಮಗಳ ತೂಕ. ಕಳೆದ ಭಾನುವಾರ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿ, 11 ಕಿಲೋ ಎಂದಿದ್ದುದನ್ನು ಹೊಡೆದುಹಾಕಿ 13 ಎಂದು ಬರೆದೆ. ನಾನೇನು ಬರೆಯುತ್ತಿದ್ದೇನೆ ಎಂದು ಕೇಳಿದಳು. ನೀನು ಎಷ್ಟು ದೊಡ್ಡವಳಾದೆ ಎಂದು ಬರೆಯುತ್ತಿದ್ದೇನೆ, ಅದರ ಮೇಲಿರುವುದು ತಾತನ ಔಷಧಿಯ ಹೆಸರು ಎಂದೆ. ಔಷಧಿ ಎಂಬ ಪದವನ್ನು ಅವಳು ಎರಡು ಸಲ ಹೇಳಿ ನೋಡಿದಳು.